ಸಾಹೇಬರ ಗ್ಲಾಸಿಗೆ ಎರಡು ಮಾತ್ರೆ

ಎಪ್ಪತ್ತರ ದಶಕದಲ್ಲಿ ನಾನು ಪ್ರವಾಸಿ ಮಂದಿರದ ಮೇಟಿಯಾಗಿದ್ದೆ. ಅಡುಗೆ, ಹಾಸಿಗೆ, ಸ್ನಾನದ ನೀರು, ಬೀಗದ ಕೈ ಎಲ್ಲಾ ನನ್ನದೇ. ಮೊದಲು ಜಗಳೂರಿನಲ್ಲಿ, ಆಮೇಲೆ ಚನ್ನಗಿರಿಯಲ್ಲಿ. ಚನ್ನಗಿರಿಗೆ ಬರುವ ಹೊತ್ತಿಗೇ ನನಗೆ ಈ ಕೆಲಸ ಸಾಕಾಗಿತ್ತು. ಒಬ್ಬ ಸಾಹೇಬರು ಹೋದ ಮೇಲೆ ಚಾದರ ಒಗೆದು ಒಣಗಿಸುವಷ್ಟರಲ್ಲಿ ಇನ್ನೊಂದು ಜೀಪು ಗೇಟಿನ ಮುಂದೆ ಹಾರನ್ ಹೊಡೆಯುತ್ತಿತ್ತು.

ಅಲ್ಲಿಗೆ ತಿಂಗಳಿಗೊಮ್ಮೆ ನಾಲೆಯ ಕೆಲಸ ನೋಡುವ ಎಂಜಿನಿಯರೊಬ್ಬರು ಬಂದು ನಾಲ್ಕು ದಿನ ಇರುತ್ತಿದ್ದರು. ಮೈಸೂರು ಕಡೆಯವರು, ಐವತ್ತು ದಾಟಿತ್ತು. ಸಂಜೆ ಬಿಸಿಲಿನಿಂದ ಬಂದು ಬೂಟು ಬಿಚ್ಚಿದ ಕೂಡಲೇ ಜಿನ್ನಿಗೆ ನಿಂಬೆಹಣ್ಣು, ಸಕ್ಕರೆ, ಸೋಡಾ ಬೆರೆಸಿ ಕೊಡಬೇಕು. ಒಂದು ಸಲ ಬಂದಾಗ ಜೇಬಿನಿಂದ ಸಣ್ಣ ಶೀಶೆ ತೆಗೆದು ಮೇಜಿನ ಮೇಲಿಟ್ಟರು.

“ನಂಗೆ ಸಕ್ಕರೆ ಕಾಯಿಲೆ ಅಂತೆ ಕಣಯ್ಯ. ಇನ್ಮೇಲೆ ಸಕ್ಕರೆ ಬೇಡ, ಈ ಸ್ಯಾಕರಿನ್ ಮಾತ್ರೆ ಎರಡು ಹಾಕು.”

ಮೊದಲ ದಿನ ಸೋಡಾ ತುಂಬಿದ ಗ್ಲಾಸಿಗೆ ಮಾತ್ರೆಗಳನ್ನು ಹಾಗೇ ಹಾಕಿಬಿಟ್ಟೆ. ನೊರೆ ಬುಸ್ಸೆಂದು ಉಕ್ಕಿ ಅವರ ಪ್ಯಾಂಟಿನ ಮೇಲೆ ಸುರಿಯಿತು. ಉಳಿದದ್ದನ್ನು ಕುಡಿದು ಮುಖ ಕಿವಿಚಿದರು. “ಸಿಹಿ ಇದೆ, ಆದ್ರೆ ಕೊನೆಗೆ ಕಹಿ ನಿಂತ್ಕೊಳ್ಳುತ್ತೆ. ಏನಾದ್ರೂ ಮಾಡಯ್ಯಾ.”

ಶೀಶೆಯನ್ನು ನನ್ನ ಹತ್ತಿರವೇ ಬಿಟ್ಟು ಅವರು ಹೋದ ಮೇಲೆ ನಾನು, ನನ್ನ ಹೆಂಡತಿ ಮನೆಯಲ್ಲಿ ಜಿನ್ ಇಲ್ಲದೆ ಅದನ್ನೇ ಮಾಡಿ ನೋಡಿದೆವು. ನಮ್ಮ ಮನೆಯಲ್ಲಿ ಯಾರೂ ಕುಡಿದವರಲ್ಲ. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು, “ತಗಡು ನೆಕ್ಕಿದಂಗೆ ಐತೆ. ಒಂದೀಟು ಉಪ್ಪು ಹಾಕ್ರಿ,” ಅಂದಳು. ಉಪ್ಪು ಬಿದ್ದ ಮೇಲೆ ಕಹಿ ಅಡಗಿತು. ಮಾತ್ರೆಗಳನ್ನು ಮೊದಲೇ ಒಂದು ಚಮಚ ಬಿಸಿನೀರಲ್ಲಿ ಕರಗಿಸಿ, ನಿಂಬೆರಸ, ಜಜ್ಜಿದ ಪುದೀನ ಸೇರಿಸಿ, ಸೋಡಾವನ್ನು ಕೊನೆಗೆ ಗ್ಲಾಸಿನ ಅಂಚಿನಿಂದ ಇಳಿಸಬೇಕು. ಅಷ್ಟೇ.

ಮುಂದಿನ ತಿಂಗಳು ಅದಕ್ಕೆ ಜಿನ್ ಬೆರೆಸಿ ಕೊಟ್ಟೆ, ಸಾಹೇಬರು ಕುಡಿದು ಕಣ್ಣು ಮುಚ್ಚಿ ಕೂತರು. “ಭೇಷ್!” ಅಂದರು. ಜೊತೆಗೆ ಬಂದ ಅಧಿಕಾರಿಗಳಿಗೂ ಅದೇ ಬೇಕಾಯಿತು. ಸಕ್ಕರೆಯಿಲ್ಲ, ಹಾಗಾದರೆ ತೊಂದರೆಯೂ ಇಲ್ಲ ಎಂಬುದು ಅವರ ಲೆಕ್ಕ. ಎರಡು ಗ್ಲಾಸು ಮೂರಾಯಿತು, ನಾಲ್ಕಾಯಿತು. ನಿಂಬೆಹಣ್ಣು ಹಿಂಡಿ ಹಿಂಡಿ ನನ್ನ ಬೆರಳ ಸಂದಿಯೆಲ್ಲ ಉರಿಯುತ್ತಿತ್ತು. ಆದರೂ ಅವರು ಹೊಗಳಿದಾಗ ಒಳಗೊಳಗೇ ಹಿಗ್ಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಆಮೇಲೆ ಮೂರು ತಿಂಗಳು ಅವರು ಬರಲಿಲ್ಲ. ಒಂದು ಮಧ್ಯಾಹ್ನ ಜೀಪು ಬಂತು. ಅದರಿಂದ ಇಳಿದದ್ದು ಅವರ ಹೆಂಡತಿ. ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕುಸಿದಂತೆ ಕೂತರು.

“ನಮ್ಮನೆಯವರಿಗೆ ನಿಂಬೆ ಶರಬತ್ತು ಮಾಡಿಕೊಡ್ತಿದ್ದೋರು ನೀವೇನಾ? ಸಕ್ಕರೆ ಕಾಯಿಲೆ ಹೆಚ್ಚಾಗಿ ಆಸ್ಪತ್ರೇಲಿ ಕಾಲಿನ ಎರಡು ಬೆರಳು ತೆಗೆದುಬಿಟ್ರು. ಮಲಗಿದಲ್ಲೇ ಆ ಶರಬತ್ತು ಬೇಕು ಅಂತಾರೆ. ನಾನು ಮಾಡಿದ್ದು ಸೇರಲ್ಲ. ಹೇಗೆ ಮಾಡೋದು, ತೋರಿಸಿ.”

ಮಾಡಿ ಕೊಟ್ಟೆ. ಅವರು ಅರ್ಧ ಕುಡಿದು, “ಇಷ್ಟೇನಾ?” ಅಂದರು.

ಇಷ್ಟೇ ಅಂದಿದ್ದರೆ ಮುಗಿದುಹೋಗುತ್ತಿತ್ತು. “ಇಲ್ಲ ಅಮ್ಮಾವ್ರೆ. ಅದ್ರಾಗೆ ಜಿನ್ ಇರ್ತಿತ್ತು.”

“ಗೊತ್ತು. ಅವರ ಬಟ್ಟೆ ಒಗೆಯೋಳು ನಾನಲ್ವೇ. ನೀವು ಹೇಳ್ತೀರೋ ಇಲ್ವೋ ಅಂತ ಕೇಳಿದೆ. ಎಷ್ಟು ಗ್ಲಾಸು?”

“ಮೊದ್ಲು ಎರಡು. ಆಮೇಲೆ ನಾಲ್ಕು.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗ್ಲಾಸನ್ನು ಕುರ್ಚಿಯ ಪಕ್ಕ ಇಟ್ಟು, “ಕೂತ್ಕೊಳ್ಳಿ,” ಅಂದರು. ನಾನು ಮೆಟ್ಟಿಲ ಮೇಲೆ ಕೂತೆ. “ಮನೇಲಿ ಪಥ್ಯದ ಅಡುಗೆ ಮಾಡಿ ಮಾಡಿ ನಂಗೂ ಸಾಕಾಗಿದೆ. ಅವರು ಊಟದ ತಟ್ಟೆ ತಳ್ತಾರೆ. ನಾನು ಮತ್ತೆ ಬಡಿಸ್ತೀನಿ.” ಹೊರಡುವಾಗ ಲಕೋಟೆಯ ಹಿಂಬದಿಯಲ್ಲಿ ಉಪ್ಪು ಎಷ್ಟು, ಪುದೀನ ಎಷ್ಟು ಎಂದು ಕೇಳಿ ಕೇಳಿ ಬರೆದುಕೊಂಡರು.

ಮಳೆಗಾಲ ಮುಗಿದ ಮೇಲೆ ಸಾಹೇಬರು ಕೋಲು ಊರಿಕೊಂಡು ಬಂದರು. ತುಂಬಾ ಇಳಿದುಹೋಗಿದ್ದರು. ಸಂಜೆ ಜಿನ್ ಬಾಟಲಿ ಮುಂದೆ ಸರಿಸಿ, “ನಮ್ಮವಳು ಮಾಡೋದ್ರಲ್ಲಿ ನಿನ್ನ ಕೈರುಚಿ ಇಲ್ಲ. ಮಾಡು,” ಅಂದರು.

“ಶರಬತ್ತು ಮಾಡ್ತೀನಿ ಸಾಹೇಬ್ರೆ. ಜಿನ್ ಹಾಕಾಕೆ ನನ್ನ ಕೈಲಾಗಲ್ಲ.”

ಅಷ್ಟು ವರ್ಷದ ನೌಕರಿಯಲ್ಲಿ ಅಧಿಕಾರಿಯೊಬ್ಬರಿಗೆ ಆಗಲ್ಲ ಅಂದದ್ದು ಅದೇ ಮೊದಲು.

“ನಿನ್ನ ಹತ್ರ ಬುದ್ಧಿ ಕಲೀಬೇಕಾ ನಾನು?” ಅಂದರು. ಆಮೇಲೆ ತಾವೇ ಗ್ಲಾಸಿಗೆ ಜಿನ್ ಬಗ್ಗಿಸಿ, ಬರೀ ನೀರು ಬೆರೆಸಿ ಕುಡಿದರು. ನಾನು ಮಾಡಿಟ್ಟ ಶರಬತ್ತು ಮುಟ್ಟಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು ತಿಂದು, ನನ್ನ ಕಡೆ ನೋಡದೆ ಜೀಪು ಹತ್ತಿದರು.

ನನ್ನ ಮೇಲೆ ದೂರು ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಎಂಬತ್ತರ ಹೊತ್ತಿಗೆ ನನಗೆ ಹೊನ್ನಾಳಿಗೆ ವರ್ಗವಾಯಿತು. ಅಲ್ಲಿಗೆ ಬಂದ ಅವರ ಹಳೆಯ ಡ್ರೈವರ್, ಸಾಹೇಬರು ಅವಧಿಗೆ ಮುಂಚೆಯೇ ನಿವೃತ್ತಿ ತಗೊಂಡು ಊರಿಗೆ ಹೋದರು ಅಂದ. ಇನ್ನೊಂದು ಕಾಲೂ ಅಷ್ಟಕ್ಕಷ್ಟೇ ಅಂತೆ.

“ಅಮ್ಮಾವ್ರು ಹೆಂಗಿದ್ದಾರೆ?” ಅಂತ ಕೇಳಿದೆ.

“ಅವ್ರನ್ನ ನೋಡ್ಲಿಲ್ಲ,” ಅಂದ.

ಅವನಿಗೆ ಚಾ ಕಾಸಿ ಕೊಟ್ಟೆ. ಕುಡಿದು ಹೋದ.