ಹನ್ನೊಂದು ಒಂದುಗಳ ಲೆಕ್ಕ

೧೯೩೫ರ ಸುಮಾರು. ಸಕ್ಕರೆ ಕಾರ್ಖಾನೆ ಬಂದ ಹೊಸತು. ನಾನು ಮಂಡ್ಯದ ಮಿಡಲ್ ಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಳವಳ್ಳಿಯಿಂದ ವರ್ಗವಾಗಿ ಬಂದ ಕಿರುಗಾವಲಿನ ಚಿಕ್ಕಲಿಂಗೇಗೌಡನೂ ಗಣಿತದವನೇ, ಸೇವೆಯಲ್ಲಿ ನನಗಿಂತ ಕಿರಿಯ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರುವ ಕಡೆಯ ತರಗತಿಯ ಗಣಿತವನ್ನು ಬೇಸಿಗೆ ರಜೆಯ ನಂತರ ನಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡುವುದಿತ್ತು. ಅದಕ್ಕಾಗಿ ನಾನು ವರ್ಷಗಟ್ಟಲೆ ಕಾದಿದ್ದೆ.

ಗೌಡ ಬಂದದ್ದೇ ತಡ, ಹುಡುಗರೆಲ್ಲ ಅವನ ಕಡೆಯಾದರು. ಅವನ ಅಂಕಿಗಳು ಮುತ್ತು ಪೋಣಿಸಿದಂತಿವೆ ಎಂದು ಹೆಡ್‌ಮಾಸ್ಟರರು ಹೊಗಳಿದರು. ಅದೇ ಹಲಗೆಯ ಮೇಲೆ ನಾನು ಸವೆಸಿದ ಸೀಮೆಸುಣ್ಣಕ್ಕೆ ಲೆಕ್ಕವಿಲ್ಲ. ನನ್ನ ಅಂಕಿಗಳ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಇನ್‌ಸ್ಪೆಕ್ಟರರು ಬಂದ ದಿನ ಅವರೊಂದಿಗೆ ನಾನೂ ಗೌಡನ ತರಗತಿಯ ಹಿಂದೆ ಕುಳಿತೆ. ಅವನು ಹಲಗೆಯ ಮೇಲೆ ಒಂದನ್ನು ಸಾಲಾಗಿ ಹನ್ನೊಂದು ಸಲ ಬರೆದ. ಸಾವಿರದ ನೂರ ಹನ್ನೊಂದು ಕೋಟಿಗೂ ಮಿಕ್ಕ ಸಂಖ್ಯೆ ಅದು.

"ಇದುನ್ನ ಒಡೆಯೋ ಅಂಕಿ ನಂಗಿನ್ನೂ ಸಿಕ್ಕಿಲ್ಲ ಕಣ್ರಲಾ. ಅತ್ತು ಸಾವ್ರದ ಗಂಟ ಉಡುಕಿವ್ನಿ."

ತನಗೆ ಗೊತ್ತಿಲ್ಲವೆಂದು ಮೇಷ್ಟ್ರೊಬ್ಬ ಇನ್‌ಸ್ಪೆಕ್ಟರರ ಎದುರೇ ಹೇಳುವುದೇ? ಅವರೋ ಮೆಚ್ಚಿ ತಲೆದೂಗುತ್ತಿದ್ದರು. ಅಷ್ಟರಲ್ಲಿ ಬಲದಿಂದ ಐದನೆಯ ಸ್ಥಾನದಲ್ಲಿ ನನಗೊಂದು ಸೊನ್ನೆ ಕಂಡಿತು. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಬಿಟ್ಟವನ್ನೂ ಬೇರೆಯಾಗಿ ಕೂಡಿದಾಗ ಎರಡು ಮೊತ್ತವೂ ಸಮವಾದರೆ ಆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಇಲ್ಲಿ ಐದು, ಐದು. ನಾನು ಎದ್ದು ನಿಂತು, "ಹನ್ನೊಂದರಿಂದಲೇ ಹೋಗುತ್ತದಲ್ಲಯ್ಯಾ" ಎಂದೆ.

ಗೌಡ ಹಲಗೆಯ ಹತ್ತಿರ ಹೋಗಿ ನೋಡಿದ. "ಅದು ಸೊನ್ನೆ ಅಲ್ಲ ಸಾ, ಒಂದು ಕಣಿ. ಸೀಮೆಸುಣ್ಣ ವಸಿ ಸುತ್ಕಂಬುಡ್ತು" ಎಂದು ಉಗುರಿನಿಂದ ಕೆರೆದು ಅದರ ಬಾಯಿ ಬಿಡಿಸಿದ. ನಮ್ಮ ಕನ್ನಡದ ೧ರ ಬಾಯಿ ಮುಚ್ಚಿದರೆ ೦ ತಾನೆ. ಹುಡುಗರು ನಕ್ಕರು, ಇನ್‌ಸ್ಪೆಕ್ಟರರೂ ನಕ್ಕರು. ಆ ವಾರವೇ ಕಡೆಯ ತರಗತಿ ಗೌಡನ ಪಾಲಾಯಿತು.

ಬೇಸಿಗೆ ರಜೆಯನ್ನೆಲ್ಲ ಮದ್ದೂರಿನ ಮನೆಯಲ್ಲಿ ಆ ಸಂಖ್ಯೆಯ ಮುಂದೆಯೇ ಕಳೆದೆ. ಅದರ ಯಾವುದೇ ಅವಿಭಾಜ್ಯ ಅಪವರ್ತನವನ್ನು ೨೨ರಿಂದ ಭಾಗಿಸಿದರೆ ಶೇಷ ೧ ಉಳಿಯಬೇಕೆಂಬ ನಿಯಮವಿದೆ. ಹಾಗಾಗಿ ೨೩, ೬೭, ೮೯ ಎಂದು ಅಂಥವನ್ನಷ್ಟೇ ಹಿಡಿದು ಭಾಗಿಸುತ್ತ ಹೋದೆ.

"ಯಾರ ಮೇಲೆ ಈ ಹಟ?" ಎಂದಳು ನನ್ನ ಹೆಂಡತಿ.

"ಸಂಖ್ಯೆಯ ಮೇಲೆ."

"ಗೌಡರ ಮೇಲೆ ಅನ್ನಿ. ಊಟ ತಣ್ಣಗಾಗ್ತಿದೆ."

ಕೊನೆಗೆ ೨೧೬೪೯ ಶೇಷವಿಲ್ಲದೆ ಹೋಯಿತು. ಭಾಗಲಬ್ಧ ೫೧೩೨೩೯. ಅದೂ ಅವಿಭಾಜ್ಯವೇ, ಅದನ್ನು ಒಡೆಯಬಹುದಾದ ಚಿಕ್ಕ ಸಂಖ್ಯೆಗಳನ್ನೆಲ್ಲ ಆಗಲೇ ನೋಡಿ ಮುಗಿಸಿದ್ದೆ.

ಸ್ಕೂಲು ತೆರೆದ ದಿನ ನೇರವಾಗಿ ಗೌಡನ ತರಗತಿಗೆ ನುಗ್ಗಿ ಎರಡೂ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದೆ. ಅವನ ಮುಖ ಬಾಡುವುದನ್ನು ನೋಡಬೇಕಿತ್ತು ನನಗೆ. ಅವನು ಗುಣಿಸಿ ನೋಡಿದ. ಮುಖ ಅರಳಿತು. ನನ್ನ ಕಡೆ ಕೈ ತೋರಿಸಿ ಹುಡುಗರಿಗೆ ಹೇಳಿದ:

"ಇವತ್ತು ಬ್ಯಾರೆ ಪಾಠ ಇಲ್ಲ ಕಣ್ರಲಾ. ಸಾಮಣ್ಣಯ್ನೋರು ಕಂಡಿಡಿದವ್ರೆ, ನೋಡಿ."

೨೨ ಎಲ್ಲಿಂದ ಬಂತು, ಶೇಷ ಒಂದೇ ಏಕೆ ಉಳಿಯಬೇಕು ಎಂಬುದನ್ನೆಲ್ಲ ಪೀರಿಯಡ್ ಪೂರ್ತಿ ಬಿಡಿಸಿ ಹೇಳಿದ. ನಾನು ಪುಸ್ತಕದಿಂದ ಎತ್ತಿಕೊಂಡಿದ್ದ ನಿಯಮದ ಒಳಗುಟ್ಟು ಬಾಗಿಲಲ್ಲಿ ನಿಂತಿದ್ದ ನನಗೂ ಅವತ್ತೇ ತಿಳಿದದ್ದು. ನನ್ನ ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ನಿವೃತ್ತನಾದ ಮೇಲೆ ಒಮ್ಮೆ ರೈಲಿನಲ್ಲಿ ಮದ್ದೂರಿಗೆ ಹೊರಟಿದ್ದೆ. ಹನಕೆರೆಯಲ್ಲಿ ಹತ್ತಿದವನೊಬ್ಬ ಆ ತರಗತಿಯಲ್ಲಿ ಓದಿದವನಂತೆ, ಗುರುತು ಹಿಡಿದು ಕೈಮುಗಿದ.

"ಅನ್ನೊಂದು ಒಂದ್ರ ಲೆಕ್ಕ ಇನ್ನೂ ಬಾಯಲ್ಲೇ ಅದೆ ಸಾ. ಇಪ್ಪತ್ತೊಂದ್ಸಾವ್ರದ ಆರ್ನೂರ ನಲವತ್ತೊಂಬತ್ತು."

"ಯಾರು ಕಂಡುಹಿಡಿದದ್ದು?" ಎಂದೆ.

"ನಮ್ ಗೌಡ್ರು ಮೇಷ್ಟ್ರೇ ಅಲ್ವಾ ಸಾ?"

ಲೆಕ್ಕವನ್ನು ಯಾರು ಮನಸ್ಸಿಗೆ ಇಳಿಸುತ್ತಾರೋ ಹುಡುಗರಿಗೆ ಅದು ಅವರದೇ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನು. ನ್ಯಾಯವೇ ಇರಬಹುದು. ಆದರೂ ಮದ್ದೂರು ಬರುವವರೆಗೆ ನಾನು ಅವನ ಜೊತೆ ಮಾತಾಡಲಿಲ್ಲ.