ಹೂ ತಡೆದ ಡ್ರೈವರ್

ಲಾರಿ ಬಿಟ್ಟು ಎರಡು ವರ್ಷವಾಗಿದ್ದರೂ ಡ್ರೈವರನ ಬಲಗಾಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಊಟಕ್ಕೆ ಕೂತರೂ ಬೆಂಚಿನ ಮೇಲೆ ಕೂತರೂ ಅದು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಮಾಲೀಕ ಲಾರಿಗಳನ್ನೆಲ್ಲ ಮಾರಿ ದಂಧೆ ಮುಚ್ಚಿದ್ದ. ಈ ವಯಸ್ಸಿನವನ ಕೈಗೆ ಬೇರೆ ಯಾರೂ ಕೀಲಿ ಕೊಡಲಿಲ್ಲ. ಹೆಂಡತಿಯ ಮಾತಿಗೆ ಒಪ್ಪಿ ಅವಳ ತಂದೆಯ ನಿಂಬೆ ತೋಟಕ್ಕೆ ಬಂದು ನೆಲೆಸಿದ. ಗುಡ್ಡದ ಇಳಿಜಾರಿನ ತೋಟ. ಬಾವಿಯಿಲ್ಲ, ಕಾಲುವೆಯಿಲ್ಲ, ಮಳೆ ಸುರಿದಷ್ಟೇ ನೀರು.

ಅಲ್ಲಿ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೇಲಿ ಸರಿಪಡಿಸಿದ. ಸರಿಯಿದ್ದ ಬೇಲಿಯನ್ನೂ ಬಿಚ್ಚಿ ಮತ್ತೆ ಕಟ್ಟಿದ. ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿದ ದಿನ ಹೆಂಡತಿ ಕೈಮುಗಿದು, ಬೇಕಾದರೆ ಗುಡ್ಡವನ್ನೇ ಆಚೆ ಸರಿಸಿ, ನನ್ನ ಉಪ್ಪು ಹುಳಿಯ ತಂಟೆಗೆ ಮಾತ್ರ ಬರಬೇಡಿ ಎಂದಳು.

ಅವನಿಗೆ ಗಿಡದ ವಿಷಯ ಗೊತ್ತಿರಲಿಲ್ಲ, ಮಾರುಕಟ್ಟೆ ಚೆನ್ನಾಗಿ ಗೊತ್ತಿತ್ತು. ಚಳಿಗಾಲದಲ್ಲಿ ಅವನ ಲಾರಿ ಹೊತ್ತು ತಂದ ನಿಂಬೆ ಕೇಳುವವರಿಲ್ಲದೆ ಕೊಳೆಯುತ್ತಿತ್ತು. ಬೇಸಿಗೆಯಲ್ಲಿ ಒಂದು ಚೀಲಕ್ಕೆ ನಾಲ್ಕು ಕೈ ಬೀಳುತ್ತಿದ್ದವು. ಮಾವನ ಗಿಡಗಳು ಕಾಯಿ ಬಿಡುತ್ತಿದ್ದುದು ಯಾರಿಗೂ ಬೇಡವಾದ ಕಾಲದಲ್ಲಿ. ಇದು ತಲೆಗೆ ಹೊಕ್ಕ ಮೇಲೆ ಅವನು ತೋಟಗಾರಿಕೆ ಕಚೇರಿಯ ಮೆಟ್ಟಿಲು ಸವೆಸಿದ. ಅಲ್ಲಿನ ಅಧಿಕಾರಿಣಿ ಬಿಡಿಸಿ ಹೇಳಿದರು: ಮಳೆ ಶುರುವಾಗುವಾಗ ಜಿಬ್ಬರೆಲಿಕ್ ಎಂಬ ಹಾರ್ಮೋನು ಸಿಂಪಡಿಸಿದರೆ ಹೂ ಕಡಿಮೆಯಾಗುತ್ತದೆ, ಗಿಡ ತನ್ನ ಕಸುವು ಉಳಿಸಿಕೊಳ್ಳುತ್ತದೆ. ಮಳೆ ಮುಗಿಯುವಾಗ ಚಿಗುರನ್ನು ತಡೆಯುವ ಇನ್ನೊಂದು ಔಷಧಿ ಕೊಟ್ಟರೆ, ಆಗ ಹೂ ಬಿಟ್ಟು ಬೇಸಿಗೆಗೆ ಕಾಯಿ ಕೈಗೆ ಬರುತ್ತದೆ. ನಡುವೆ ಏನು ಮಾಡಬೇಕು ಎಂದು ಅವನು ಕೇಳಿದ.

"ಏನೂ ಮಾಡ್ಬಾರ್ದು. ಸುಮ್ನೆ ಕಾಯ್ಬೇಕು."

ಅವನಿಗೆ ಬಾರದ ವಿದ್ಯೆ ಅದೊಂದೇ.

ಮೊದಲ ಸಿಂಪಡಣೆ ಸರಿಯಾಗಿಯೇ ಆಯಿತು. ಪುಡಿ ನೇರವಾಗಿ ನೀರಿನಲ್ಲಿ ಕರಗುವುದಿಲ್ಲವೆಂದು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕದಡಿಕೊಂಡ. ಹೆಂಡತಿ ಅಳತೆ ನೋಡಿ ಹಾಕಿಕೊಟ್ಟಳು, ಅವನು ಪಂಪು ಬೆನ್ನಿಗೇರಿಸಿ ಸಾಲು ಸಾಲು ಮುಗಿಸಿದ. ಮಳೆ ಹಿಡಿಯಿತು. ಸುತ್ತಲ ತೋಟಗಳೆಲ್ಲ ಬೆಳ್ಳಗೆ ಹೂ ಹೊತ್ತು ಘಮಘಮಿಸತೊಡಗಿದವು. ಇವರದು ಮಾತ್ರ ಬರೀ ಹಸಿರು. ಮಾವ ಕೊಡೆ ಹಿಡಿದು ಗಿಡದಿಂದ ಗಿಡಕ್ಕೆ ಹೋಗಿ ನೋಡಿ ಬಂದು, ಒದ್ದೆ ಕಾಲನ್ನು ಒರೆಸಿಕೊಳ್ಳದೆ ನಿಂತರು.

"ಅಳಿಯಂದ್ರೇ, ಹೂ ಬಿಡಬೇಡ ಅಂತ ಗಿಡಕ್ಕೆ ಹೇಳೋಕೆ ನಾವ್ಯಾರು?"

"ಬಿಡಬೇಡ ಅಂದಿಲ್ಲ ಮಾವ. ಆಮೇಲೆ ಬಿಡು ಅಂದಿದ್ದೀನಿ."

"ಅದು ಕೇಳಿಸ್ಕೊಂಡಿದೆ ಅಂತ ನಿಮಗೇನು ಗ್ಯಾರಂಟಿ?"

ಗ್ಯಾರಂಟಿ ಇರಲಿಲ್ಲ. ಅದೇ ಅವನನ್ನು ಕೊರೆಯುತ್ತಿತ್ತು. ದಿನಕ್ಕೆ ಹಲವು ಸಲ ತೋಟ ಸುತ್ತಿದ. ರೆಂಬೆ ಬಗ್ಗಿಸಿ ಗಿಣ್ಣುಗಳನ್ನು ಉಜ್ಜಿ ನೋಡಿದ. ಲಾರಿಯಾಗಿದ್ದರೆ ಎಂಜಿನ್ನಿನ ಸದ್ದಿನಲ್ಲೇ ಅದರ ಮನಸ್ಸು ತಿಳಿಯುತ್ತಿತ್ತು. ಗಿಡ ತುಟಿ ಬಿಚ್ಚಲಿಲ್ಲ.

ಮಳೆ ಹಿಂದೆ ಸರಿದಾಗ ಎರಡನೆಯ ಔಷಧಿ ಹೊಡೆದ. ಬೆಳಿಗ್ಗೆ ಮುಗಿಸಿದ್ದೇ ತಡ, ಇಳಿಹೊತ್ತಿಗೆ ಎಲ್ಲಿಂದಲೋ ಒಂದು ಮಳೆ ಬಂದು ಎಲೆಗಳನ್ನು ತೊಳೆದು ಹೋಯಿತು. ಅಷ್ಟರಲ್ಲಿ ಎಲೆ ಔಷಧಿ ಕುಡಿದಿರುತ್ತದೆ, ಸೋಮವಾರ ಕಚೇರಿ ತೆರೆದ ಮೇಲೆ ಮೇಡಂ ಅವರನ್ನೇ ಕೇಳೋಣ ಎಂದಳು ಹೆಂಡತಿ. ಹಾಗೆ ಹೇಳಿ, ಹುಷಾರಿಲ್ಲದ ತಂಗಿಯನ್ನು ನೋಡಲು ಹೊರಟುಹೋದಳು. ಸೋಮವಾರ ಅವನಿಗೆ ಗುಡ್ಡದಾಚೆಯ ಊರಿನಷ್ಟು ದೂರ ಕಂಡಿತು. ಮರುದಿನವೇ ಕೆಳಗಿನ ಸಾಲಿನಿಂದ ಶುರು ಮಾಡಿ ಮತ್ತೆ ಹೊಡೆದ. ಮತ್ತೆ ತೊಳೆದುಹೋದೀತು ಎಂದು ಔಷಧಿಯನ್ನು ಗಟ್ಟಿಯಾಗಿಯೇ ಕಲಸಿದ್ದ. ಆ ಸಾಲು ಮುಗಿಯುವಷ್ಟರಲ್ಲಿ ಬಾಟಲಿ ಖಾಲಿಯಾಯಿತು. ಹಾಗಾಗಿ ಉಳಿದ ತೋಟ ಬದುಕಿತು.

ಕೆಲವು ದಿನಗಳಲ್ಲಿ ಕೆಳಸಾಲಿನ ಎಲೆಗಳು ಅಂಚಿನಿಂದ ಹಳದಿಯಾಗುತ್ತ ಬಂದವು. ಊರಿಂದ ಬಂದ ಹೆಂಡತಿ ಅವನ್ನು ನೋಡಿ ಬೈಯಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಬಾಟಲಿ ಎಲ್ಲಿ ಎಂದಷ್ಟೇ ಕೇಳಿದಳು. ಅವನು ಮಾವನ ಎದುರು ಹೋಗಿ ನಿಂತ.

"ಮಾವ, ನಾನೇ ಡಬಲ್ ಹಾಕಿದ್ದು. ತಡ್ಕೊಳಕ್ಕಾಗ್ಲಿಲ್ಲ."

ಮಾವ ಒಂದು ಹಳದಿ ಎಲೆಯನ್ನು ಬೆರಳಲ್ಲಿ ತಿರುಗಿಸುತ್ತ, ಗಿಡವೇನೂ ಸಾಯುವುದಿಲ್ಲ, ಮುನಿಸಿಕೊಂಡಿದೆ ಅಷ್ಟೇ ಎಂದರು. ಆಮೇಲೆ ಅವನ ಮುಖ ನೋಡಿ, "ನೀವೂ ಸ್ವಲ್ಪ ಕೂತ್ಕೊಳ್ಳಿ" ಎಂದು ಬೆಂಚಿನಲ್ಲಿ ಜಾಗ ಬಿಟ್ಟರು.

ಮೇಲಿನ ಸಾಲುಗಳು ಹೂ ಬಿಟ್ಟವು. ಆ ಬೆಳಿಗ್ಗೆ ಸುದ್ದಿ ತಂದವರು ಮಾವನೇ. ಚಪ್ಪಲಿಯಿಲ್ಲದೆ ಓಡಿಬಂದಿದ್ದರು. ಬಟಾಣಿ ಗಾತ್ರದ ಕಾಯಿಗಳು ಉದುರತೊಡಗಿದಾಗ ಡ್ರೈವರ್ ಮತ್ತೆ ಪಂಪು ಕೈಗೆತ್ತಿಕೊಂಡ. ಕಾಯಿ ಉದುರುವುದನ್ನು ತಡೆಯುವ ಹಾರ್ಮೋನೂ ಇತ್ತು, ಆದರೆ ಅಳತೆ ಮೀರಿದರೆ ಅದು ಎಲೆಯನ್ನೇ ಸುರುಟಿಸಿಬಿಡುವಂಥದ್ದು. ಈ ಸಲ ಅವನು ಪಂಪನ್ನು ತಾನಾಗಿಯೇ ಹೆಂಡತಿಗೆ ಕೊಟ್ಟ. ನೆಲದ ತೇವ ಆರದಿರಲೆಂದು ಒಣಹುಲ್ಲು ಹೊತ್ತು ತಂದು ಬುಡಗಳಿಗೆ ಹೊದಿಸುವ ಕೆಲಸ ತಾನಿಟ್ಟುಕೊಂಡ. ಬೇಕಾದಷ್ಟು ಓಡಾಟವಿತ್ತು ಅದರಲ್ಲಿ.

ಬೇಸಿಗೆಗೆ ಕಾಯಿ ಬಂತು. ಅವನು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ, ಮಾವ ಹೆದರಿದ್ದಕ್ಕಿಂತ ಹೆಚ್ಚು. ಕೆಳಸಾಲಿನಲ್ಲಿ ಒಂದೂ ಇರಲಿಲ್ಲ. ಮುಂದಿನ ವರ್ಷ ಅರ್ಧ ತೋಟಕ್ಕೆ ಮಾತ್ರ ಔಷಧಿ, ಉಳಿದರ್ಧ ತನ್ನ ಪಾಡಿಗೆ ಮಳೆಗಾಲದಲ್ಲೇ ಹೂ ಬಿಡಲಿ ಎಂದು ಮೂವರೂ ಮಾತಾಡಿಕೊಂಡರು. ಘಮ ಇಲ್ಲದ ಮಳೆಗಾಲ ಮಾವನಿಗೆ ಬೇಡವಾಗಿತ್ತು.

ಈಗ ಸುತ್ತಲ ತೋಟದವರು ಸಿಂಪಡಣೆಗೆ ಅವನನ್ನೇ ಕರೆಯುತ್ತಾರೆ. ಹಳೆಯದೊಂದು ಮೊಪೆಡ್ಡಿನ ಹಿಂದೆ ಪಂಪು ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟುಬಿಡುತ್ತಾನೆ. ಇನ್ನೊಂದು ಮುಚ್ಚಳ ಜಾಸ್ತಿ ಹಾಕು ಎನ್ನುವವರಿಗೆ, ಮೊದಲು ನಮ್ಮ ಕೆಳಸಾಲು ನೋಡಿಬನ್ನಿ ಎಂದು ದಾರಿ ತೋರಿಸುತ್ತಾನೆ. ಅವರು ಹೋಗಿ ಬರುವವರೆಗೂ ಕಾಯಲಾರದೆ, ಪಕ್ಕದ ತೋಟದವನ ಬೇಲಿ ಬಿಚ್ಚಿ ಕಟ್ಟುತ್ತಿರುತ್ತಾನೆ.