ಕೆಂಪು ಬಣ್ಣದ ತೆಪ್ಪ

ಆ ಮನುಷ್ಯನನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಾವು ಗಂಡ ಹೆಂಡತಿ ಮಾಗಡಿ ಕಡೆ ಕೆರೆಯಲ್ಲಿ ಮೀನು ಹಿಡಿಯುವವರು. ನಮ್ಮ ಯಜಮಾನರು ಹುಟ್ಟು ಹಾಕುತ್ತಾರೆ, ನಾನು ಬಲೆ ಬಿಡುತ್ತೇನೆ. ನಮ್ಮ ತೆಪ್ಪ ಹಾಳಾಗಿತ್ತು. ಉಯ್ಯಂಬಳ್ಳಿ ಹತ್ತಿರ ಹೊಳೆ ದಡದಲ್ಲಿ ಒಬ್ಬ ಹಳೇ ಫೈಬರ್ ತೆಪ್ಪ ಮಾರುತ್ತಾನೆ ಅಂತ ಗೊತ್ತಾಗಿ ಅಷ್ಟು ದೂರ ಹೋದೆವು.

ತೆಪ್ಪಕ್ಕೆ ಹೊಸದಾಗಿ ಚನ್ನಪಟ್ಟಣದ ಬೊಂಬೆಯ ಹಾಗೆ ಕೆಂಪು ಬಣ್ಣ ಬಳಿದಿದ್ದ. ಯಜಮಾನರು ಅದನ್ನು ಸವರಿ ಸವರಿ ನೋಡಿದರು. ನಾನು ಅದನ್ನು ಕಲ್ಲುಗಳ ಮೇಲೆ ಇಡಿಸಿ, ಒಳಗೆ ನಾಲ್ಕು ಬಿಂದಿಗೆ ನೀರು ಸುರಿದೆ. ತಳದಲ್ಲಿ ಮೂರು ಕಡೆ ತೊಟ್ಟಿಕ್ಕಿತು.

ಅವನು ನನ್ನ ಕಡೆ ತಿರುಗಿಯೂ ನೋಡದೆ ಯಜಮಾನರಿಗೆ ಹೇಳಿದ: "ಹೆಂಗಸ್ರಿಗೆ ಇದೆಲ್ಲ ಗೊತ್ತಾಗಾಕಿಲ್ಲ ಕಣಣ್ಣ. ಒಳಗಿನ ನೀರು ಆಚೆಗೆ ಬತ್ತೈತೆ, ಅಷ್ಟೆ. ಆಚೆ ನೀರು ಒಳೀಕೆ ಬರಾಕಿಲ್ಲ."

ಯಜಮಾನರು ಇರಬಹುದೇನೋ ಅನ್ನುವಂತೆ ತಲೆಯಾಡಿಸಿದರು.

"ಅಂಗಾದ್ರೆ ಒಸಿ ನೀನೂ ಕುಂತ್ಕೊ, ಹೊಳೆ ನಡೂಕೆ ಹೋಗ್ಬರಾನ" ಅಂದೆ.

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. "ನಂಗೆ ಈಜು ಬರಾಕಿಲ್ಲ ಕಣಮ್ಮ."

"ನಮ್ಗೂ ಬರಾಕಿಲ್ಲ. ಮನೇಲಿ ಎರಡು ಮಕ್ಳವೆ" ಅಂದವಳೇ ಬಿಂದಿಗೆಯಲ್ಲಿ ಉಳಿದ ನೀರನ್ನು ಅವನ ಕಾಲ ಮೇಲೆ ಸುರಿದು ಹೊರಟೆ.

ಬಸ್ಸಿನಲ್ಲಿ ಕನಕಪುರದ ತನಕ ಯಜಮಾನರು ಬಾಯಿ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು: "ಆದ್ರೂ ಬಣ್ಣ ಚೆಂದಾಗಿತ್ತು."

ಅಲ್ಲಿಂದ ಮಾಗಡಿಯ ತನಕ ನಾನು ಬಾಯಿ ಬಿಡಲಿಲ್ಲ.